ಗರ್ಭಕೋಶದ ಅಳತೆ

ಮೂಡಲಪಾಳ್ಯದ ನನ್ನ ಹೊಲಿಗೆ ಅಂಗಡಿಗೆ ಬಂದ ನರ್ಸಮ್ಮ ಬ್ಲೌಸ್ ಪೀಸಿನ ಜೊತೆ ಒಂದು ಚಿತ್ರವನ್ನೂ ಟೇಬಲ್ ಮೇಲಿಟ್ಟರು. ಕೆಂಗೇರಿ ಆಚೆಯ ಹಳ್ಳಿಗಳಲ್ಲಿ ಹೆಂಗಸರಿಗೆ ಅವರ ದೇಹದ ಬಗ್ಗೆ ತಿಳಿಹೇಳುವುದು ಅವರ ಕೆಲಸ.

"ಚಾರ್ಟ್ ತೋರ್ಸಿದ್ರೆ ಎಲ್ರೂ ತಲೆ ತಗ್ಗಿಸ್ಬಿಡ್ತಾರೆ ಕಣ್ರೀ. ಕೈಲಿ ಹಿಡ್ದು ನೋಡೋ ಹಾಗೆ ಬಟ್ಟೇಲಿ ಒಂದು ಗರ್ಭಕೋಶ ಹೊಲ್ಕೊಡಿ," ಎಂದರು.

ಇಪ್ಪತ್ತು ವರ್ಷದಿಂದ ಹೆಂಗಸರ ಅಳತೆ ತೆಗೆಯುತ್ತಿದ್ದೇನೆ, ಇಂಥ ಆರ್ಡರ್ ಬಂದಿರಲಿಲ್ಲ. ನಾಚಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಟೇಪು ಎಳೆದುಕೊಂಡು ಅಳತೆ ಕೇಳಿದೆ. ಅವರು ಮುಷ್ಟಿ ಕಟ್ಟಿ ತೋರಿಸಿದರು. ನಾನು ನಂಬಲಿಲ್ಲ. ಇಬ್ಬರನ್ನು ಹೆತ್ತವಳು ನಾನು, ಕುಂಬಳಕಾಯಿಯಷ್ಟಾದರೂ ಇರಬೇಡವೆ?

"ಬಸ್ರಿ ಆದಾಗ ಹಿಗ್ಗುತ್ತೆ, ಆಮೇಲೆ ಮತ್ತೆ ಇಷ್ಟಕ್ಕೇ ಬರುತ್ತೆ."

ಅಷ್ಟು ಹಿಗ್ಗಿ ಮೊದಲಿನಂತಾಗುವ ಬಟ್ಟೆಯನ್ನು ನಾನಂತೂ ಕಂಡಿಲ್ಲ. ಕೆಂಪು ಲಂಗದ ಬಟ್ಟೆ ಕತ್ತರಿಸಿ, ಹತ್ತಿ ತುಂಬಿ, ಎರಡೂ ಕಡೆ ನಳಿಕೆ ಜೋಡಿಸಿದೆ. ಬಿಡಿಸಿ ತೋರಿಸಲೆಂದು ಕೆಳಗೆ ಯೋನಿಯ ಕೊಳವೆಗೆ ಪ್ರೆಸ್ ಬಟನ್ನಿನಿಂದ ಸಿಕ್ಕಿಸಿದೆ. ಮೂರು ಸಲ ಬಿಚ್ಚಿ ಹೊಲಿದೆ, ಪ್ರತಿ ಸಲವೂ ಪ್ರಶ್ನೆ ಕೇಳಿ ನರ್ಸಮ್ಮನ ತಲೆ ತಿಂದೆ. ಒಳಪದರವೇ ತಿಂಗಳು ತಿಂಗಳು ಕಳಚಿ ಮುಟ್ಟಾಗುತ್ತದಂತೆ, ಮತ್ತೆ ಹೊಸದು ಬೆಳೆಯುತ್ತದಂತೆ. ತಿಂಗಳಿಗೊಂದು ಹೊಸ ಲೈನಿಂಗ್! ಮೂವತ್ತು ವರ್ಷ ಮುಟ್ಟಾದವಳಿಗೆ ಇದು ಗೊತ್ತಿರಲಿಲ್ಲ.

ನನಗೆ ಅಕ್ಕನ ನೆನಪಾಯಿತು. ಅವಳನ್ನು ಕೊಟ್ಟಿದ್ದು ಅದೇ ಕೆಂಗೇರಿ ಆಚೆಯ ಒಂದು ಹಳ್ಳಿಗೆ. ಬಿಳುಪು ಹೋಗುತ್ತದೆ, ಕಿಬ್ಬೊಟ್ಟೆ ನೋವು, ಮುಂದಿನ ತಿಂಗಳು ಗರ್ಭಕೋಶ ತೆಗೆಸುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಳು. "ಮಕ್ಕಳಾಯ್ತಲ್ಲ, ತೆಗೆಸ್ಬಿಡು, ಪೀಡೆ ಹೋಗುತ್ತೆ," ಎಂದವಳು ನಾನೇ. ಹಳೇ ಗುಂಡಿ ಕಿತ್ತು ಬಿಸಾಡು ಎಂದಷ್ಟು ಸಲೀಸಾಗಿ ಹೇಳಿದ್ದೆ. ಈಗ ನನ್ನ ಮೇಲೆ ನನಗೇ ಸಿಟ್ಟು ಬಂತು.

ನರ್ಸಮ್ಮನನ್ನು ಕಾಡಿ ಅಕ್ಕನ ಊರಲ್ಲೇ ಸಭೆ ಮಾಡಿಸಿ, ನಾನೂ ಜೊತೆಗೆ ಹೋದೆ. ಹಾಲಿನ ಡೈರಿಯ ಕೋಣೆಯಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಾನು ಹೊಲಿದ ಬೊಂಬೆ ಕೈಯಿಂದ ಕೈಗೆ ದಾಟಿ ಅಕ್ಕನ ಹತ್ತಿರ ಬಂತು. ಅವಳು ಪ್ರೆಸ್ ಬಟನ್ ಎಳೆದಳು. ಗರ್ಭಕೋಶ ಕಳಚಿ ಕೈಗೆ ಬಂತು.

"ತೆಗೆಯೋದು ಇಷ್ಟು ಸಲೀಸಾ?" ಎಂದಳು.

"ಪರೀಕ್ಷೇನೇ ಮಾಡಿಸ್ದೆ ಯಾಕಮ್ಮ ತೆಗೆಸ್ತೀರಾ? ಎಲ್ಲಾ ಬಿಳುಪೂ ಕಾಯಿಲೆ ಅಲ್ಲ. ಸೋಂಕಾಗಿದ್ರೂ ಮಾತ್ರೇಲಿ ವಾಸಿಯಾಗುತ್ತೆ. ಕೆಲವು ಸೋಂಕು ಗಂಡ ಹೆಂಡ್ತಿ ಮಧ್ಯೆ ದಾಟ್ತವೆ, ಆವಾಗ ಇಬ್ರೂ ನುಂಗ್ಬೇಕು," ಎಂದರು ನರ್ಸಮ್ಮ.

ಗಂಡಂದಿರೂ ನುಂಗಬೇಕು ಎಂದದ್ದಕ್ಕೆ ಕೋಣೆಯೆಲ್ಲ ನಗು. ಅಕ್ಕ ಮಾತ್ರ ನಗಲಿಲ್ಲ. "ನಮ್ಮನೆಯವ್ರು ನುಂಗಲ್ಲ ಕಣೇ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಮುಂದಿನ ವಾರ ಭಾವ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆತಂದರು. ಸೋಂಕೇ ಆಗಿತ್ತು. ಅದಕ್ಕೆ ಆಪರೇಷನ್ ಬೇಡ, ಮಾತ್ರೆ ಇಬ್ಬರಿಗೂ ಎಂದು ಡಾಕ್ಟರ್ ಬರೆದುಕೊಟ್ಟರು. ಅಲ್ಲಿಂದ ಸೀದಾ ನನ್ನ ಅಂಗಡಿಗೆ ಬಂದರು. ಭಾವನ ಮುಖ ಗಂಟು.

"ನಂಗೇನಾಗಿದೆ? ಗುಂಡುಕಲ್ಲಿನ ಥರ ಇದೀನಿ. ನಾನ್ಯಾಕೆ ನುಂಗ್ಲಿ?"

ಅಕ್ಕ ಅವರ ಪಾಲಿನ ಮಾತ್ರೆಯನ್ನು ಮಿಷನ್ ಮೇಲಿಟ್ಟು ಸ್ಟೂಲ್ ಎಳೆದುಕೊಂಡು ಕೂತಳು. ಅವರು ನುಂಗದಿದ್ದರೆ ಸೋಂಕು ಮತ್ತೆ ಬರುತ್ತದೆ, ಮತ್ತೆ ಅದೇ ಆಪರೇಷನ್ ಮಾತು. ನಾಲಿಗೆ ತುದಿಗೆ ಬಂದ ಬೈಗುಳವನ್ನು ಕಷ್ಟಪಟ್ಟು ನುಂಗಿದೆ. ಅಷ್ಟರಲ್ಲಿ ಅವರು, ನರ್ಸಮ್ಮನಿಗೆಂದು ಹೊಲಿಯುತ್ತಿದ್ದ ಇನ್ನೊಂದು ಬೊಂಬೆಯನ್ನು ಎತ್ತಿಕೊಂಡರು.

"ಇದೇನಮ್ಮ, ಯಾವುದಾದ್ರೂ ಚೀಲಾನಾ?"

"ಗರ್ಭಕೋಶ ಭಾವ. ಅಕ್ಕಂದೂ ಇಷ್ಟೇ ಇರೋದು. ಬೇಕಾದ್ರೆ ಮುಷ್ಟಿ ಕಟ್ಟಿ ಅಳತೆ ನೋಡಿ."

ಬಿಸಾಡುತ್ತಾರೆ ಎಂದುಕೊಂಡೆ. ಬಿಸಾಡಲಿಲ್ಲ. ತಿರುಗಿಸಿ ನೋಡಿದರು, ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ಮುಷ್ಟಿ ಕಟ್ಟಿ ಪಕ್ಕಕ್ಕೆ ಹಿಡಿದರು. ನೇಗಿಲು ಹಿಡಿದ ಆ ಮುಷ್ಟಿಯೇ ದೊಡ್ಡದಾಗಿತ್ತು.

"ಮೂರು ಮಕ್ಳು. ಇಷ್ಟರಲ್ಲಾ?" ಎಂದರು.

ಭಾವ ಬೊಂಬೆಯನ್ನು ಮೆಲ್ಲಗೆ ಕೆಳಗಿಟ್ಟು, ಅಕ್ಕನ ಮುಖ ನೋಡದೆಯೇ ಅವಳತ್ತ ಕೈ ಚಾಚಿದರು.

"ಮಾತ್ರೆ ಕೊಡು. ನೀರೆಲ್ಲಿ?"