ಎಲೆಯಡಿಕೆ ಸಂಚಿಯಲ್ಲಿ ಮಿಲ್ಲಿನ ಕೀಲಿ

ಬೆಳಗಿನ ಐದೂಮುಕ್ಕಾಲು. ಜಾವಗಲ್‌ನಿಂದ ಅರಸೀಕೆರೆ ಕಡೆಗೆ ಎರಡು ಕಿಲೋಮೀಟರ್ ದೂರದ ತೆಂಗಿನ ನಾರಿನ ಮಿಲ್ಲು. ಶೆಡ್ಡಿನ ಮುಂದೆ ಇಪ್ಪತ್ತೆರಡು ಹೆಂಗಸರು ಸಾಲಾಗಿ ನಿಂತಿದ್ದಾರೆ. ಸಾಲಿನ ಆ ತುದಿಯಿಂದ ಒಬ್ಬ ಕುಳ್ಳನೆಯ ಹೆಂಗಸು ಒಬ್ಬೊಬ್ಬರ ಮುಂದೆ ನಿಲ್ಲುತ್ತಾ ಬರುತ್ತಿದ್ದಾರೆ. ಎದೆಯ ಮೇಲಿಂದ ಬಿಗಿಯಾಗಿ ತಂದು ಎಡಸೊಂಟದಲ್ಲಿ ಕಟ್ಟಿದ ಸೆರಗಿನ ಗಂಟನ್ನು ಮೂರು ಸಲ ಜಗ್ಗುತ್ತಾರೆ. ತುರುಬು ಅಲುಗಾಡಿಸುತ್ತಾರೆ. ಬಳೆಗಳನ್ನು ಮೇಲೇರಿಸಿ ಬಟ್ಟೆ ಸುತ್ತಿದ್ದಾರೋ ಇಲ್ಲವೋ ನೋಡುತ್ತಾರೆ. ಒಬ್ಬಳ ಮುಡಿಯಲ್ಲಿ ಮಲ್ಲಿಗೆ ಕಂಡು ನಿಲ್ಲುತ್ತಾರೆ.

"ಏನೇ ಲತಾಮಣಿ, ಯಾರ ಮದುವೆ ಇವತ್ತು?"

"ನಮ್ಮನೆಯೋರು ತಂದುಕೊಟ್ರು ಕಣಮ್ಮ."

"ಹಂಗಾರೆ ಅವನ ತಲೆಗೇ ಮುಡಿಸ್ಬಿಟ್ಟು ಬಾ."

ಸಾಲಿಗೆ ಸಾಲೇ ನಗುತ್ತದೆ. ಹೂವು ಗೇಟಿನ ಪಕ್ಕದ ಹೊಂಗೆಮರದ ಕೊಂಬೆಗೆ ಹೋಗುತ್ತದೆ. ಅಲ್ಲಿ ಆಗಲೇ ಮೂರು ಎಳೆ ತೂಗುತ್ತಿವೆ. ಸಂಜೆ ಮನೆಗೆ ಹೋಗುವಾಗ ಅವರವರದನ್ನು ಅವರವರು ಮುಡಿದುಕೊಳ್ಳುತ್ತಾರೆ.

ಇವರು ಬೋರಮ್ಮ, ಐವತ್ತೆಂಟು ವರ್ಷ. ಆರು ಗಂಟೆಗೆ ತ್ರೀ ಫೇಸ್ ಕರೆಂಟ್ ಬರುತ್ತದೆ. ಬೋರಮ್ಮ ಸೊಂಟದ ಎಲೆಯಡಿಕೆ ಸಂಚಿಯಿಂದ ಒಂದು ಕೀಲಿ ತೆಗೆದು, ಯಂತ್ರದ ಪಕ್ಕದ ಕಬ್ಬಿಣದ ಪೆಟ್ಟಿಗೆಯ ಬೀಗ ಬಿಚ್ಚಿ, ಸ್ವಿಚ್ಚು ಒತ್ತುತ್ತಾರೆ. ಹಲ್ಲುಹಲ್ಲಿನ ಉಕ್ಕಿನ ಉರುಳೆ ತಿರುಗತೊಡಗುತ್ತದೆ. ಈ ಮಿಲ್ಲಿನಲ್ಲಿ ಮಾಲೀಕರ ಬಳಿಯೂ ಇಲ್ಲದ ಕೀಲಿ ಅದು.

ಉರುಳೆಯ ಬಾಯಿಗೆ ದಿನಕ್ಕೆ ಸುಮಾರು ಎಂಟು ಸಾವಿರ ಸಿಪ್ಪೆ ಬೀಳುತ್ತದೆ. ಒಂದು ಕಡೆ ನಾರು, ಇನ್ನೊಂದು ಕಡೆ ಪುಡಿ. ದೂಳಿನಲ್ಲಿ ಹತ್ತು ಅಡಿಯಾಚೆ ನಿಂತವರ ಮುಖ ಕಾಣುವುದಿಲ್ಲ, ಸದ್ದಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಕರೆಂಟ್ ಹೋದರೆ ಎಲ್ಲರೂ ನಿಟ್ಟುಸಿರು ಬಿಟ್ಟು ಕೂರುವಾಗ ಬೋರಮ್ಮ ಮಾತ್ರ ಏಳುತ್ತಾರೆ. ಮೊದಲು ಸ್ವಿಚ್ಚು ಆರಿಸಿ ಬೀಗ ಹಾಕುತ್ತಾರೆ. ಆಮೇಲಷ್ಟೇ ಸಿಕ್ಕಿಕೊಂಡ ಸಿಪ್ಪೆ ತೆಗೆಯಲು ಯಾರಾದರೂ ಕೈ ಹಾಕಬಹುದು. "ಹೋದ ಕರೆಂಟು ಹೇಳಿ ಬರಾಕಿಲ್ಲ ಸಾರ್" ಎನ್ನುತ್ತಾರೆ, ವರದಿಗೆಂದು ಬಂದವರೊಡನೆ.

ಈ ಎಚ್ಚರಕ್ಕೆ ಒಂದು ದಿನಾಂಕವಿದೆ: 1993ರ ಮಾರ್ಚ್ 9, ಮಂಗಳವಾರ.

ಅಂದು ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದದ್ದು ಬೋರಮ್ಮನಲ್ಲ, ಇಂದು ಎಂಬ ಹೆಸರಿನ ಅವರ ಸೊಸೆ. ಇಪ್ಪತ್ತು ವರ್ಷ, ಎಸ್ಸೆಸ್ಸೆಲ್ಸಿ ಪಾಸು, ಮದುವೆಯಾಗಿ ಏಳು ತಿಂಗಳು. ಬೋರಮ್ಮನ ಗಂಡ ಹನುಮಯ್ಯ ಸೊಸೆಗೆ ಊಟದ ಕ್ಯಾರಿಯರ್ ಕೊಡಲು ಶೆಡ್ಡಿನೊಳಗೆ ಬಂದರು. ಇಂದು ಮಾವನನ್ನು ಕಂಡಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಹೆಗಲ ತುಂಬ ಹೊದ್ದುಕೊಂಡಳು. ಹಿರಿಯರ ಎದುರು ಈ ಸೀಮೆಯ ಯಾವ ಸೊಸೆಯಾದರೂ ಮಾಡುವುದು ಅದನ್ನೇ. ಸೆರಗಿನ ತುದಿ ಯಂತ್ರದ ಬೆಲ್ಟಿಗೆ ಸಿಕ್ಕಿತು. ಸ್ವಿಚ್ಚು ಇದ್ದದ್ದು ಶೆಡ್ಡಿನ ಇನ್ನೊಂದು ತುದಿಯಲ್ಲಿ, ನಲವತ್ತು ಹೆಜ್ಜೆ ದೂರ. ಯಾರೋ ಓಡಿ ಆರಿಸುವ ಹೊತ್ತಿಗೆ ಇಂದುವಿನ ಬಲಗೈ ಮೊಣಕೈವರೆಗೆ ಹೋಗಿತ್ತು.

ಪರಿಹಾರದ ಅರ್ಜಿಯ ವಿಚಾರಣೆ ಹಾಸನದ ಕಾರ್ಮಿಕ ಅಧಿಕಾರಿಯ ಮುಂದೆ ಹದಿನಾಲ್ಕು ತಿಂಗಳು ನಡೆಯಿತು. ಮಾಲೀಕರ ಪರ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದ್ದು ಯಾರು? ಇಂದು "ನಾನೇ" ಎಂದಳು. ಹಾಗಾದರೆ ಇದು ಕೆಲಸಗಾರಳದೇ ಅಜಾಗರೂಕತೆ ಎಂದರು ವಕೀಲರು. ಆಗ ಹಿಂದಿನ ಬೆಂಚಿನಿಂದ ಬೋರಮ್ಮ ಎದ್ದು ನಿಂತದ್ದನ್ನು ಅಲ್ಲಿದ್ದ ಇಬ್ಬರು ಬೇರೆಬೇರೆಯಾಗಿ ಒಂದೇ ರೀತಿ ನೆನೆಯುತ್ತಾರೆ. ಬೋರಮ್ಮ ಅಂದದ್ದು ಇಷ್ಟು:

"ಮಾವ ಎದುರಿಗೆ ಬಂದ್ರೆ ಸೆರಗು ಹೊದ್ಕೋಬೇಕು ಅಂತ ಆ ಮಗೀಗೆ ಕಲಿಸಿದ್ದು ನಾನು. ತಪ್ಪು ಅಂತ ಬರಕೊಳ್ಳೋದಾದ್ರೆ ನನ್ನ ಹೆಸರು ಬರಕೊಳ್ಳಿ ಸ್ವಾಮಿ. ಹಂಗೇ ಸ್ವಿಚ್ಚು ನಲವತ್ತು ಹೆಜ್ಜೆ ದೂರ ಇಟ್ಟೋರು ಯಾರು, ಅದನ್ನೂ ಬರಕೊಳ್ಳಿ."

ಆದೇಶದ ಪ್ರತಿ ಈಗಲೂ ಮನೆಯ ಟ್ರಂಕಿನಲ್ಲಿದೆ. ಬೆಲ್ಟಿಗೆ ತಡೆ ಇರಲಿಲ್ಲ, ಸ್ವಿಚ್ಚು ಕೈಗೆಟಕುವಂತಿರಲಿಲ್ಲ ಎಂದು ಅದರಲ್ಲಿ ದಾಖಲಾಗಿದೆ. ಪರಿಹಾರ ಬಂತು. ಅದರ ಮೊತ್ತ ಎಷ್ಟು ಎಂದು ಕೇಳಿದರೆ ಬೋರಮ್ಮ ಹೇಳುವುದಿಲ್ಲ. "ಕೊಟ್ರು. ಕೈ ಬರಲಿಲ್ಲವಲ್ಲ."

ಆದೇಶವಾದ ವಾರಕ್ಕೆ ಮಾಲೀಕ ಏಕಾಂತಯ್ಯ ಮನೆ ಬಾಗಿಲಿಗೆ ಬಂದರು. ಜಗಲಿಯ ಮೇಲೆ ಕೂತು, "ಆಗಿದ್ದು ಆಗೋಯ್ತು. ಇನ್ನೇನಾದರೂ ಬೇಕಾ ಕೇಳಮ್ಮ" ಎಂದರು. ಬೋರಮ್ಮ ಕೇಳಿದ್ದು ಎರಡು. ಸ್ವಿಚ್ಚನ್ನು ಯಂತ್ರದ ಪಕ್ಕಕ್ಕೆ ತಂದು ಅದಕ್ಕೊಂದು ಬೀಗ ಹಾಕಿಸಬೇಕು. ಬೀಗದ ಕೀ ತನಗೆ ಕೊಡಬೇಕು. ಅದುವರೆಗೆ ಹೊಲದ ಕೂಲಿ ಮಾಡಿಕೊಂಡಿದ್ದ ಹೆಂಗಸು, ಸೊಸೆಯ ಕೈ ತಿಂದ ಮಿಲ್ಲಿಗೇ ಕೆಲಸಕ್ಕೆ ಸೇರಿದರು.

"ತಲೆ ಕೆಟ್ಟೈತೆ ಅಂದ್ಕೊಂಡೆ" ಎನ್ನುತ್ತಾರೆ ಈಗ ಎಪ್ಪತ್ತು ದಾಟಿರುವ ಏಕಾಂತಯ್ಯ. "ಆಮೇಲೆ ಗೊತ್ತಾಯ್ತು, ಕೆಟ್ಟಿದ್ದು ಯಾರ ತಲೆ ಅಂತ."

ಬೋರಮ್ಮ ತಂದ ಇನ್ನೊಂದು ಕಟ್ಟುಪಾಡು ಗೇಟಿನ ಬಳಿ ತೂಗುತ್ತಿದೆ. ಹೊಂಗೆಮರಕ್ಕೆ ಕಟ್ಟಿದ ಮೊಳದುದ್ದದ ರೈಲು ಕಂಬಿಯ ತುಂಡು, ಅರಸೀಕೆರೆಯ ಗುಜರಿಯಿಂದ ತಂದದ್ದು. ಮಿಲ್ಲಿಗೆ ಯಾರೇ ಬಂದರೂ ಅದನ್ನು ಬಾರಿಸಿ ಹೊರಗೇ ನಿಲ್ಲಬೇಕು. ಯಂತ್ರದ ಸದ್ದನ್ನೂ ಮೀರಿ ಕೇಳುವ ಆ ಠಣಠಣಕ್ಕೆ ಒಳಗೆ ಬೋರಮ್ಮ ಸ್ವಿಚ್ಚು ಆರಿಸುತ್ತಾರೆ. ಉರುಳೆ ಪೂರ್ತಿ ನಿಲ್ಲಲು ಒಂದೂವರೆ ನಿಮಿಷ ಬೇಕು. ನಿಂತ ಮೇಲೆ ಬಂದವರು ಒಳಗೆ ಬರಬಹುದು, ಸೊಸೆಯಂದಿರು ಬೇಕಾದರೆ ಸೆರಗು ಹೊದೆಯಬಹುದು. ಆರು ವರ್ಷದ ಹಿಂದೆ ಆಯುಧಪೂಜೆಗೆ ಏಕಾಂತಯ್ಯನವರ ಗುರುಮಠದ ಸ್ವಾಮಿಗಳು ಬಂದಿದ್ದರು. ಕಾರು ಗೇಟಿನವರೆಗೆ ಬಂದಾಗ ಬೋರಮ್ಮ ಕೈ ಅಡ್ಡ ಹಿಡಿದರು. ಏಕಾಂತಯ್ಯ ಬೆವೆತುಹೋದರು. ಸ್ವಾಮಿಗಳು ಕಾರಿಳಿದು, ಕಾರಣ ಕೇಳಿ, ಕಂಬಿಯನ್ನು ತಾವೇ ಬಾರಿಸಿ, ಮರದಡಿ ನಿಂತು ಕಾದರು.

ಹತ್ತು ವರ್ಷದಲ್ಲಿ ಈ ಮಿಲ್ಲಿನ ಅಪಘಾತದ ಪುಸ್ತಕದಲ್ಲಿರುವುದು ಎರಡೇ ನಮೂದು: ಒಂದು ತರಚಿದ ಬೆರಳು, ಒಂದು ಕಾಲಿಗೆ ಚುಚ್ಚಿದ ಮೊಳೆ. ಪುಸ್ತಕವನ್ನಷ್ಟೇ ನಂಬದೆ ಏಳು ಜನ ಕೆಲಸಗಾರರನ್ನು ಬಿಡಿಬಿಡಿಯಾಗಿ ಕೇಳಿದಾಗಲೂ ಲೆಕ್ಕ ತಪ್ಪಲಿಲ್ಲ.

ಈಗ ಆ ಕೀಲಿಗೇ ಕುತ್ತು ಬಂದಿದೆ. ಈ ವರ್ಷ, ಅಂದರೆ 2004ರಲ್ಲಿ, ವಿಮಾ ಕಂಪನಿಯ ಹೊಸ ಫಾರಂ ಯಂತ್ರದ ಸುರಕ್ಷತೆಗೆ ಹೊಣೆಗಾರರ ಹೆಸರು ಮತ್ತು ಸಹಿ ಕೇಳುತ್ತದೆ. ಹೊಣೆಗಾರರು ಹತ್ತನೇ ತರಗತಿ ಪಾಸಾಗಿರಬೇಕು. ಬೋರಮ್ಮ ಹೆಬ್ಬೆಟ್ಟು. ಏಕಾಂತಯ್ಯನವರ ಮಗ, ಮಿಲ್ಲು ನೋಡಿಕೊಳ್ಳುವ ಶಿವಕುಮಾರ್ ಒಬ್ಬೊಬ್ಬರನ್ನೇ ಕೇಳಿದರು. ಮೆಕ್ಯಾನಿಕ್ ತಮ್ಮಯ್ಯ ಕೈ ಮುಗಿದರು: "ನಾಳೆ ಯಾರದ್ದಾದ್ರೂ ಕೈಕಾಲು ಹೋದ್ರೆ ಕೇಸು ನನ್ನ ಕುತ್ತಿಗೆಗೆ. ನಾನೊಲ್ಲೆ ಅಣ್ಣ." ಉಳಿದವರ ಉತ್ತರವೂ ಅದೇ. ಯಾರೂ ಒಪ್ಪದಿದ್ದರೆ ಹಾಸನದಿಂದ ಒಬ್ಬ ಸೂಪರ್‌ವೈಸರ್ ಬರುತ್ತಾರೆ. ಅವರು ಬರುವುದು ಒಂಬತ್ತು ಗಂಟೆಗೆ. ಯಂತ್ರ ತಿರುಗುವುದು ಆರಕ್ಕೆ.

"ಆಮೇಲೇನು? ಕೀನ ಮೊಳೆಗೆ ನೇತಾಕ್ತಾರೆ. ಯಾರು ಬೇಕಾದ್ರೂ ತಗಂಡು ಒತ್ತಬೌದು" ಎನ್ನುವಾಗ ಬೋರಮ್ಮನ ಕೈ ತಾನಾಗಿ ಸಂಚಿಯ ಮೇಲೆ ಹೋಗುತ್ತದೆ.

ಶನಿವಾರ ಸಂಜೆ ಅವರ ಮನೆಯಲ್ಲಿ ಎರಡು ಹಾಳೆಗಳಿದ್ದವು. ಒಂದು ಆ ಫಾರಂ. ಇನ್ನೊಂದು, ನಾಲ್ಕನೇ ತರಗತಿಯ ಮೊಮ್ಮಗಳು ಶಾಲೆಯಿಂದ ತಂದ ಚೀಟಿ. ಬೇಲೂರು–ಹಳೇಬೀಡು ಪ್ರವಾಸಕ್ಕೆ ಪೋಷಕರ ಸಹಿ ಬೇಕು. ಸೊಸೆ ಇಂದು ಅದನ್ನು ಅತ್ತೆಗೆ ಓದಿ ಹೇಳುತ್ತಿದ್ದರು: ಪ್ರವಾಸದಲ್ಲಿ ಏನೇ ಸಂಭವಿಸಿದರೂ ಶಾಲೆಯು ಹೊಣೆಯಲ್ಲ.

"ಹೊಣೆ ಅಲ್ಲ ಅಂದ್ರೆ ಕರಕೊಂಡು ಹೋಗೋದು ಯಾಕಂತೆ?" ಎಂದರು ಬೋರಮ್ಮ.

"ಎಲ್ಲಾ ಕಡೆ ಹಿಂಗೇ ಬರೀತಾರೆ ಕಣತ್ತೆ."

"ಎಲ್ಲಾರೂ ನಾನಲ್ಲ ನಾನಲ್ಲ ಅಂದ್ರೆ, ಮಕ್ಕಳ ಕೈ ಹಿಡಕೊಳ್ಳೋರು ಯಾರೇ?"

ಇಂದು ಚೀಟಿಯನ್ನು ಪಕ್ಕಕ್ಕಿಟ್ಟರು. ಅವರಿಗೀಗ ಮೂವತ್ತೊಂದು. ಜಾವಗಲ್ ಬಸ್ ನಿಲ್ದಾಣದ ಬಳಿ ಎಸ್‌ಟಿಡಿ ಬೂತ್ ನಡೆಸುತ್ತಾರೆ. ಮೊಬೈಲ್ ಬಂದ ಮೇಲೆ ದಿನಕ್ಕೆ ಹತ್ತು ಜನ ಬಂದರೆ ಹೆಚ್ಚು. ಹನ್ನೊಂದು ವರ್ಷದಿಂದ ಅವರು ಮಿಲ್ಲಿನ ಗೇಟು ದಾಟಿಲ್ಲ. ಅದರ ಸದ್ದು ಕೇಳಬಾರದೆಂದು ಬಸ್ಸಿನಲ್ಲಿ ಮಿಲ್ಲಿಲ್ಲದ ಬದಿಯ ಕಿಟಕಿಗೇ ಕೂರುತ್ತಾರೆ. ಅವರು ವಿಮೆಯ ಫಾರಂ ಅನ್ನು ನೆಲಕ್ಕಿಟ್ಟು, ಜಾರದಂತೆ ಮೊಣಕಾಲಿನಿಂದ ಒತ್ತಿ, ಎಡಗೈಯಲ್ಲಿ ಪೆನ್ನು ಹಿಡಿದರು. ಹೆಸರು: ಇಂದು. ವಿದ್ಯಾಭ್ಯಾಸ: ಎಸ್ಸೆಸ್ಸೆಲ್ಸಿ. ಸಹಿ.

"ಬ್ಯಾಡ ಕಣವ್ವ" ಎಂದರು ಬೋರಮ್ಮ.

"ನೀವು ಹಾಸನದಾಗೆ ನಿಮ್ಮ ಹೆಸರು ಬರಕೊಳ್ಳಿ ಅನ್ಲಿಲ್ವಾ ಅತ್ತೆ? ಇದೂ ಅಷ್ಟೇ."

ಸೋಮವಾರ ಬೆಳಿಗ್ಗೆ ಸಾಲಿನಲ್ಲಿ ಇಪ್ಪತ್ಮೂರು ಜನ. ಕೊನೆಯಲ್ಲಿ ಇಂದು. ಒಂದೇ ಕೈಯಲ್ಲಿ ಸೆರಗಿನ ಗಂಟು ಬಿಗಿಯುವುದಿಲ್ಲ. ಬೋರಮ್ಮನೇ ಸುತ್ತಿ ತಂದು ಕಟ್ಟುತ್ತಾರೆ, ಮೂರು ಸಲ ಜಗ್ಗುತ್ತಾರೆ, ಮತ್ತೆ ಯಾಕೋ ನಾಲ್ಕನೇ ಸಲ ಜಗ್ಗುತ್ತಾರೆ. ಸಂಚಿಯಿಂದ ಕೀಲಿ ತೆಗೆದು ಸೊಸೆಯ ಎಡಗೈಗಿಡುತ್ತಾರೆ. ಆರು ಗಂಟೆಗೆ ಉರುಳೆ ತಿರುಗಿದಾಗ ಇಂದು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಾರೆ. ಪೆಟ್ಟಿಗೆಯ ಪಕ್ಕದಿಂದ ಕದಲುವುದಿಲ್ಲ.

ಎಂಟೂವರೆಗೆ ಕಂಬಿ ಸದ್ದಾಗುತ್ತದೆ. ಇಂದು ಸ್ವಿಚ್ಚು ಆರಿಸಿ, ಬೀಗ ಹಾಕಿ, ಉರುಳೆ ನಿಲ್ಲುವವರೆಗೆ ಕಾದು ಹೊರಗೆ ಬರುತ್ತಾರೆ. ಮರದಡಿ ಹನುಮಯ್ಯ ನಿಂತಿದ್ದಾರೆ. ಕೈಯಲ್ಲಿ ಊಟದ ಕ್ಯಾರಿಯರ್. ಹನ್ನೊಂದು ವರ್ಷದಲ್ಲಿ ಅವರೂ ಈ ಗೇಟು ದಾಟಿದವರಲ್ಲ. ದಿನಾ ಹೆಂಡತಿಯ ಊಟ ಇಲ್ಲಿಗೇ ತಂದು ಕೊಟ್ಟು ಹೋಗುವವರು.

ಇಂದುವಿನ ಎಡಗೈ ಅಭ್ಯಾಸಬಲದಿಂದ ಸೊಂಟದ ಗಂಟಿನವರೆಗೆ ಹೋಗುತ್ತದೆ.

"ಬಿಚ್ಬ್ಯಾಡ ಕಣವ್ವ" ಎನ್ನುತ್ತಾರೆ ಹನುಮಯ್ಯ, ನೆಲ ನೋಡುತ್ತಾ. "ಹಂಗೇ ಇರು."

ಇಂದು ಕೈ ತೆಗೆಯುತ್ತಾರೆ. ಗಂಟು ಬಿಗಿದ ಸೆರಗಿನಲ್ಲೇ ಮಾವನ ಎದುರು ನಿಂತು ಕ್ಯಾರಿಯರ್ ತೆಗೆದುಕೊಳ್ಳುತ್ತಾರೆ. ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೋರಮ್ಮ ಖಾಲಿಯಾದ ಸಂಚಿಗೆ ಎರಡೆಲೆ ಹೆಚ್ಚಿಗೆ ತುರುಕಿಕೊಂಡು, "ಮೊದಲು ಕಲಿಸಿದ್ದನ್ನ ಮರೆಸೋಕೆ ಹನ್ನೊಂದು ವರ್ಷ ಹಿಡೀತು ಸಾರ್" ಎನ್ನುತ್ತಾರೆ. "ಇನ್ನು ನಾನು ಒಂದಿನ ಜ್ವರ ಬಂದ್ರೆ ಮಲಗಬೌದು."