ಮುಂಡರಗಿ ಬಸ್ಸಿನ ಗಣಿತದ ಮೇಡಂ

ಗಣಿತದ ಮೇಡಂ ಅವರ ಮನೆ ಬೆಟಗೇರಿಯಲ್ಲಿ, ನಮ್ಮ ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ವಾರಕ್ಕೆರಡು ಸಂಜೆ ಅವರು ನಮ್ಮ ಜೊತೆ ಮುಂಡರಗಿ ಬಸ್ಸು ಹತ್ತುತ್ತಿದ್ದರು. ಕಾಲೇಜು ಬಿಟ್ಟ ಮೇಲಿನ ವಿಶೇಷ ತರಗತಿಗೆ ನಿಂತರೆ ಹಳ್ಳಿ ಹುಡುಗಿಯರಾದ ನಮಗೆ ಬಸ್ಸು ತಪ್ಪುತ್ತಿತ್ತು. ಅದಕ್ಕೇ ಅವರು ತರಗತಿಯನ್ನು ಬಸ್ಸಿಗೆ ತಂದಿದ್ದರು. ಅರ್ಧ ದಾರಿಯ ಡಂಬಳದವರೆಗೆ ಬಂದು, ಎದುರಿನ ಬಸ್ಸು ಹಿಡಿದು ಮರಳುತ್ತಿದ್ದರು.

ಕಿಟಕಿಯ ಗಾಜಿನ ಧೂಳಿನಲ್ಲಿ ಬೆರಳಿನಿಂದ ವಕ್ರರೇಖೆ ಎಳೆಯುತ್ತಿದ್ದರು. ಅದರಾಚೆ ಸೂರ್ಯಕಾಂತಿ ಹೊಲಗಳು ತೇಲಿ ಹೋಗುತ್ತಿದ್ದವು. ರೇಖೆ ಹೊಲದಲ್ಲೇ ಬೆಳೆದಂತೆ ಕಾಣುತ್ತಿತ್ತು. ನಾವು ತಡವರಿಸಿದರೆ, "ತಪ್ಪಾದ್ರ ಆಗ್ಲಿ, ನಿಲ್ಲಬ್ಯಾಡ್ರಿ," ಎನ್ನುತ್ತಿದ್ದರು.

ಮುಂಡರಗಿ ಆಚೆಯ ನಮ್ಮ ತಾಂಡಾದಿಂದ ವಿಜ್ಞಾನಕ್ಕೆ ಸೇರಿದವಳು ನಾನೊಬ್ಬಳೇ. ಮೊದಲ ಪರೀಕ್ಷೆಯಲ್ಲೇ ಗಣಿತದಲ್ಲಿ ನಪಾಸಾದೆ. ಒಂದು ಸಂಜೆ ಬಸ್ಸಿನಲ್ಲಿ, ಮೇಡಂ ಓದಲು ಕೊಟ್ಟಿದ್ದ ಪುಸ್ತಕ ಮರಳಿಸಿ, "ಆರ್ಟ್ಸಿಗೆ ಹೋಗ್ತೀನ್ರಿ ಮೇಡಂ. ಇದು ನಮ್ಮಂಥೋರಿಗಲ್ಲ," ಎಂದೆ.

ಅವರು ಬುದ್ಧಿ ಹೇಳಲಿಲ್ಲ. ಪುಸ್ತಕ ತೆರೆದು ಒಂದು ಲೆಕ್ಕ ತೋರಿಸಿ, "ಹೋಗುವಂತಿ. ಇದೊಂದು ಮಾಡಿ ಹೋಗು," ಎಂದರು.

ಬರೆಯುತ್ತಾ, ಹೊಡೆದುಹಾಕುತ್ತಾ ನನಗೆ ಬಸ್ಸಿನ ಸದ್ದೇ ಕೇಳದಂತಾಯಿತು. ಉತ್ತರ ಬಂದು ತಲೆ ಎತ್ತಿದಾಗ ಬಸ್ಸು ಮುಂಡರಗಿಯಲ್ಲಿ ನಿಂತಿತ್ತು. ಮೇಡಂ ಇನ್ನೂ ಪಕ್ಕದಲ್ಲೇ ಕೂತಿದ್ದರು.

"ಡಂಬಳ ಹಿಂದ ಹೋತಲ್ರಿ!" ಎಂದೆ.

"ಹೋಗ್ಲಿ ಬಿಡು." ಅವರ ಕಣ್ಣು ನನ್ನ ಹಾಳೆಯ ಮೇಲಿತ್ತು. "ಈ ದಾರಿ ನನಗ ಹೊಳದಿದ್ದಿಲ್ಲ. ನಿನಗ ಹ್ಯಾಂಗ ಬಂತು? ಹೇಳಿಕೊಡು."

ಮುಂದೆ ನಾನು ಗಣಿತದಲ್ಲೇ ಪದವಿ ಮುಗಿಸಿದೆ. ಆದರೆ ಆ ಸಂಜೆ ಮುಂಡರಗಿ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮೇಡಂ ನೋಟ್‌ಬುಕ್ ತೆರೆದು, ಪೆನ್ನು ಹಿಡಿದು ಕಾದರು. ನಾನು ಮೊದಲ ಸಾಲಿನಿಂದ ಶುರು ಮಾಡಿದೆ.