ಚೆಂಡಿಗೆ ಸೇರದ ಮೊಗ್ಗುಗಳು

ಶಂಕರಪುರದ ನಮ್ಮ ಮನೆಯ ಜಗಲಿಯಲ್ಲಿ ಅಂಚು ನೆಗ್ಗಿದ ಒಂದು ಸ್ಟೀಲಿನ ತಟ್ಟೆ ಉಂಟು. ಎಂಟುನೂರು ಮಲ್ಲಿಗೆ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ಬೆಳಗಿನ ಹೂವೆಲ್ಲ ಹಾಗೆ ಚೆಂಡುಗಳಾಗಿ ಗಾಡಿ ಹತ್ತಿದ ಮೇಲೆ, ಇನ್ನೊಂದು ಚೆಂಡಿಗೆ ಸಾಲದೆ ಮಿಕ್ಕವು ಆ ತಟ್ಟೆಯಲ್ಲಿ ಕೂರುತ್ತವೆ; ಯಾವ ಎಣಿಕೆಗೂ ಸಿಗದೆ ದೇವರ ಪಟಕ್ಕೋ ನನ್ನ ಹೆಂಡತಿ ಸುಮತಿಯ ಮುಡಿಗೋ ಹೋಗುತ್ತವೆ. ಇಪ್ಪತ್ತು ವರ್ಷ ನಾನು ಆ ತಟ್ಟೆಯನ್ನು ದಾಟಿಕೊಂಡೇ ಕೆಲಸಕ್ಕೆ ಹೋದವನು.

ಕೆಲಸವೆಂದರೆ ಕಾಪು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ. ಏಳನೇ ತರಗತಿಗೆ ಶಾಲೆ ಬಿಟ್ಟು, ಕಾರ್ಕಳದಲ್ಲಿ ಮಾವನ ರೇಡಿಯೋ ಅಂಗಡಿಯಲ್ಲಿ ಬೆಸುಗೆ ಹಾಕಲು ಕಲಿತವನು ನಾನು. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ, ನೀವು ಸಹಿಸಿಕೊಳ್ಳಬೇಕು. ಏಕೆಂದರೆ ಜಗತ್ತಿನ ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದರಲ್ಲಿ, ಪದವೀಧರರು ಕಾಣದ ದೋಷವೊಂದನ್ನು ಕಂಡವನು ಈ ಏಳನೇ ತರಗತಿಯವನೇ.

ಆ ವ್ಯವಸ್ಥೆಯೊಳಗೆ ಶೆಡ್ಯೂಲರ್ ಎಂಬ ಮೇಸ್ತ್ರಿ ಇದ್ದಾನೆ. ಪ್ರೊಸೆಸರಿನ ನಾಲ್ಕಾರು ಕೋರ್‌ಗಳಲ್ಲಿ ಯಾವುದಕ್ಕೆ ಎಷ್ಟು ದಣಿವಾಗಿದೆಯೆಂದು ನೋಡಿ, ಬಿಡುವಾಗಿರುವುದಕ್ಕೆ ಹೊಸ ಕೆಲಸ ಕೊಡುವವನು. ಪಾಪ, ಅವನಿಗೆ ಪೂರ್ಣಾಂಕ ಮಾತ್ರ ಗೊತ್ತು. ಭಾಗಿಸಿದಾಗ ಉಳಿಯುವ ಚೂರನ್ನು ಬಿಸಾಡುತ್ತಾನೆ. ಹಳೆಯ ದಣಿವಿನಲ್ಲಿ ಕಳೆಯಬೇಕಾದ ಚೂರನ್ನೂ ಹಾಗೆ ಬಿಸಾಡಿ ಬಿಸಾಡಿ, ಲೆಕ್ಕ ಸೊನ್ನೆಗೆ ಇಳಿಯದೆ, ಎಲ್ಲರೂ ಎದ್ದುಹೋದ ಖಾಲಿ ಕೋಣೆಯಲ್ಲೂ ಯಾರೋ ದುಡಿಯುತ್ತಿದ್ದಾರೆಂದು ಭ್ರಮಿಸುತ್ತಿದ್ದ. ಚೂರಿನಷ್ಟಿರುವ ಭಾರವನ್ನು ಮೊದಲೇ ಸೊನ್ನೆಯೆಂದು ಎಣಿಸುವಂತೆ ನಾನು ಅದನ್ನು ತಿದ್ದಿ, ಭಾರೀ ಕೆಲಸಗಳನ್ನು ಹೊರಿಸಿ ಪರೀಕ್ಷಿಸಿ, ತಿದ್ದುಪಡಿಯನ್ನು ಆ ವ್ಯವಸ್ಥೆ ನೋಡಿಕೊಳ್ಳುವವರಿಗೆ ಕಳುಹಿಸಿ, ಹೊಗಳಿಕೆ ಬರಲೆಂದು ಕಾದು ಕುಳಿತೆ.

ಆ ವಾರವೇ ಸುಮತಿಯ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಡಾಕ್ಟರರು ಬೆರಳನ್ನು ಮಡಿಸಿ ನೋಡಿ, "ಭಾರದ ಕೆಲಸ ಎಂತಾದರೂ ಉಂಟಾ? ಇದ್ದರೆ ಕೈಗೆ ಪೂರ್ತಿ ವಿಶ್ರಾಂತಿ ಬೇಕು. ಜಾಸ್ತಿಯಾದರೆ ಕೊಯ್ಯಬೇಕಾದೀತು" ಎಂದರು.

ಅವಳು ಬಾಯಿ ತೆರೆಯುವ ಮೊದಲೇ ನಾನು, ದಣಿವಿನ ವಿಷಯದಲ್ಲಿ ಪರಿಣತನಲ್ಲವೇ, "ಭಾರದ್ದು ಎಂತದೂ ಇಲ್ಲ ಡಾಕ್ಟ್ರೇ. ಕೂತು ಹೂ ಕಟ್ಟುವುದು, ಅಷ್ಟೇ" ಎಂದೆ. ಅವರು ಹಚ್ಚಲು ಮುಲಾಮು ಬರೆದುಕೊಟ್ಟರು.

ವಾಪಸಿನ ಬಸ್ಸು ಉಡುಪಿ ದಾಟಿತು. ಅವಳು ಕಿಟಕಿಯ ಕಡೆಗೇ ನೋಡುತ್ತ, "ಅವರು ಕೇಳಿದ್ದು ನನ್ನ ಹತ್ರ ಮಾರಾಯ್ರೆ. ಹೆಬ್ಬೆರಳು ನಿಮ್ಮದಾ?" ಎಂದಳು.

ಮುಲಾಮು ಮುಗಿಯುತ್ತ ಬಂತು, ಊತ ಇಳಿಯಲಿಲ್ಲ. ಹೊಗಳಿಕೆಯ ಬದಲು ನನಗೆ ಬಂದದ್ದು ಯಾವುದೋ ದೇಶದ, ಮುಖ ಕಾಣದ ಪರಿಶೀಲಕನ ಒಂದು ಪ್ರಶ್ನೆ: ಭಾರೀ ಕೆಲಸಗಳನ್ನು ಹೊರಿಸಿ ನೋಡಿದ್ದೀರಿ, ಸರಿ, ಆಗಾಗ ಎದ್ದು ಒಂದು ಕ್ಷಣ ದುಡಿದು ಮಲಗುವ ನೂರಾರು ಚಿಕ್ಕ ಕೆಲಸಗಳನ್ನು ಇಟ್ಟು ನೋಡಿದ್ದೀರಾ?

ನೋಡಿರಲಿಲ್ಲ. ಚಿಕ್ಕವು ತಾನೇ, ಏನು ಮಹಾ ಎಂದು ಬಿಟ್ಟಿದ್ದೆ. ಈಗ ನೂರಾರನ್ನು ಒಂದೇ ಕೋರಿಗೆ ಕೊಟ್ಟೆ. ನನ್ನ ತಿದ್ದುಪಡಿಯ ಕೃಪೆಯಿಂದ ಒಂದೊಂದರ ಭಾರವೂ ಮೊದಲೇ ಚೂರೆನಿಸಿ ಸೊನ್ನೆಯಾಯಿತು. ಸೊನ್ನೆಗಳನ್ನೆಲ್ಲ ಕೂಡಿಸಿದರೆ ಸೊನ್ನೆಯೇ. ಏದುಸಿರು ಬಿಡುತ್ತಿದ್ದ ಕೋರು ಮೇಸ್ತ್ರಿಯ ಕಣ್ಣಿಗೆ ಆರಾಮವಾಗಿ ಕೂತಂತೆ ಕಂಡಿತು. ಬಿಡುವಾಗಿದೆಯಲ್ಲ ಎಂದು ಇನ್ನಷ್ಟನ್ನು ಅದರ ಮೇಲೆಯೇ ಹೇರಿದ.

ಕೂತು ಹೂ ಕಟ್ಟುವುದು, ಅಷ್ಟೇ. ಪರದೆಯ ಮುಂದೆ ನನಗೆ ಕೇಳಿಸಿದ್ದು ನನ್ನದೇ ಸ್ವರ. ನಸುಕಿನಲ್ಲಿ ಮೊಗ್ಗು ಕೊಯ್ಯುವುದು ಚೂರು ಕೆಲಸ, ನಾರು ಸೀಳುವುದು ಚೂರು, ಒಂದು ಗಂಟು ಚೂರಿಗಿಂತಲೂ ಚೂರು, ಅದರ ನಡುವೆ "ಸುಮತೀ, ಚಾ ಉಂಟಾ?" ಎಂಬ ನನ್ನ ಪಾಲು. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸೊನ್ನೆ ಮಾಡಿದ ಮೇಸ್ತ್ರಿ ಇದ್ದದ್ದು ಯಂತ್ರದೊಳಗೆ ಮಾತ್ರವಲ್ಲ.

ತಿದ್ದಬೇಕಾದದ್ದು ಒಂದೇ ಸಾಲು: ಚೂರುಗಳನ್ನು ಮೊದಲು ಕೂಡಿಸಬೇಕು, ಬಿಸಾಡುವುದೇನಿದ್ದರೂ ಆಮೇಲೆ. ಆದರೆ ಅದಕ್ಕಿಂತ ಮುಂಚೆ ಮತ್ತೆ ಮಣಿಪಾಲಕ್ಕೆ ಹೋದೆವು. "ಹೋದ ಸಲ ನಾನು ಹೇಳಿದ್ದು ತಪ್ಪು ಡಾಕ್ಟ್ರೇ, ಇವಳೇ ಹೇಳ್ತಾಳೆ" ಎಂದು ಬಾಯಿ ಮುಚ್ಚಿ ಕುಳಿತೆ. ಇದು ಬೆಸುಗೆಗಿಂತ ಕಷ್ಟದ ಕೆಲಸ. ಅವಳು ನಿಧಾನವಾಗಿ, ನಸುಕಿನಿಂದ ಶುರುಮಾಡಿ ಹೇಳಿದಳು. ಡಾಕ್ಟರರು ಪೆನ್ನು ಕೆಳಗಿಟ್ಟು ಕೇಳಿದರು. "ಸದ್ಯ ಕೊಯ್ಯುವುದು ಬೇಡ. ಆದರೆ ಮೂರು ತಿಂಗಳು ಹೂ ಮುಟ್ಟಬೇಡಿ" ಎಂದರು.

ಈಗ ನಮ್ಮ ಹೂವನ್ನು ಪಕ್ಕದ ಮನೆಯವರು ಕಟ್ಟುತ್ತಾರೆ. ಚೆಂಡಿಗೆ ಸೇರದೆ ಮಿಕ್ಕದ್ದು ಮಾತ್ರ ನನ್ನ ಪಾಲಿನದು. ತಟ್ಟೆಯನ್ನು ದಾಟಿ ಹೋಗುತ್ತಿದ್ದವನು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ. ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕಿದ ಈ ಕೈಗೆ ಬಾಳೆನಾರು ಬಗ್ಗುವುದಿಲ್ಲ. ಮೊನ್ನೆ ಮೊಳದುದ್ದ ಕಟ್ಟಿ ಕೊಟ್ಟೆ. ಅದನ್ನು ಕಂಡು ಅವಳ ಕೈ ತಾನಾಗಿ ಬಿಚ್ಚಿ ಕಟ್ಟಲು ಹೋಯಿತು, ಅರ್ಧದಲ್ಲಿ ನಿಂತಿತು.

"ಇದನ್ನು ಕಂಪ್ಯೂಟರಿಗೆ ಮುಡಿಸಿ" ಎಂದಳು, ಆದರೂ ಮುಡಿದಳು. ಜಗಲಿಯಿಂದ ಅಡುಗೆಮನೆಯವರೆಗೆ ಮೊಗ್ಗುಗಳು ಒಂದೊಂದಾಗಿ ಉದುರುತ್ತ ಹೋದವು. ನಾನು ಹಿಂದೆ ಹಿಂದೆಯೇ ಬಗ್ಗಿ ಆರಿಸಿ ತಟ್ಟೆಗೆ ಹಾಕುತ್ತ ಬಂದೆ. ಒಂದೊಂದಕ್ಕೂ ಬಗ್ಗಬೇಕು ನೋಡಿ, ಸೊಂಟ ಹಿಡಿದುಕೊಂಡಿತು.